ಒಲೆಬದಿಗೊಂದು ಲೆನ್ಸ್

— ಮಾವ, ನನ್ನ ಹತ್ತಿರ ಇರುವ ದುಡ್ಡಿಗೆ ಒಂದೇ ಲೆನ್ಸ್ ಬರುವುದು. ಎರಡು ನೋಡಿಟ್ಟಿದ್ದೇನೆ. ಎರಡೂ ಫೋಕ್ಟ್‌ಲೆಂಡರ್, ಎರಡೂ 35 ಎಂಎಂ, ಎರಡೂ ಸೆಕೆಂಡ್‌ಹ್ಯಾಂಡ್. ಒಂದು ನಾಕ್ಟನ್ ಎಫ್ 1.2, ಇನ್ನೊಂದು ಕಲರ್ ಸ್ಕೋಪಾರ್ ಎಫ್ 2.5. ಮೊದಲನೆಯದು ದುಬಾರಿ, ಹೇಗಾದರೂ ಹೊಂದಿಸ್ತೇನೆ. ಯಾವುದು ತೆಗೊಳ್ಳಲಿ?

— ಕ್ಯಾಮೆರಾ ಯಾವುದು? ಮಸ್ಕತ್ತಿನಿಂದ ನಿನ್ನ ಅಣ್ಣ ತಂದುಕೊಟ್ಟ ಬೆಸ್ಸಾ ಅಲ್ವಾ?

— ಅದೇ, ಬೆಸ್ಸಾ ಆರ್ 2 ಎ.

— ಹಾಗಾದರೆ ಸಣ್ಣದು ತೆಗೋ. ಸ್ಕೋಪಾರ್ 134 ಗ್ರಾಂ, ಆ ನಾಕ್ಟನ್ 490 ಗ್ರಾಂ. ಕ್ಯಾಮೆರಾದಷ್ಟೇ ಭಾರದ ಲೆನ್ಸನ್ನು ಮುಂದೆ ಸಿಕ್ಕಿಸಿಕೊಂಡು ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ ಬಸ್ಸಲ್ಲಿ ನಿಂತು ಹೋಗಿ ಬಾ, ಕುತ್ತಿಗೆಯೇ ಉತ್ತರ ಹೇಳ್ತದೆ. ಅದೂ ಅಲ್ಲದೆ ಇದು ರೇಂಜ್‌ಫೈಂಡರ್. ಎಸ್‌ಎಲ್‌ಆರ್‌ನ ಹಾಗೆ ಲೆನ್ಸಿನ ಒಳಗಿಂದ ನೋಡುವುದಲ್ಲ, ಪಕ್ಕದ ಕಿಟಕಿಯಿಂದ ನೋಡುವುದು. ಲೆನ್ಸ್ ಉದ್ದ ಆದಷ್ಟೂ ಕಿಟಕಿಯ ಬಲಗಡೆ ಕೆಳಮೂಲೆ ಮುಚ್ಚಿಹೋಗ್ತದೆ. ಸ್ಕೋಪಾರ್ ಹಾಕಿದರೆ ಲೆನ್ಸ್ ಇದೆಯೋ ಇಲ್ಲವೋ ಎಂದೇ ಕಣ್ಣಿಗೆ ಗೊತ್ತಾಗುವುದಿಲ್ಲ.

— ಭಾರ ಹೊರುತ್ತೇನೆ ಮಾವ. ಬೆಳಕು ಮಾತ್ರ ಹೊತ್ತುಕೊಂಡು ಹೋಗಲಿಕ್ಕೆ ಆಗುವುದಿಲ್ಲವಲ್ಲ. 1.2 ಅಂದರೆ 2.5ಕ್ಕಿಂತ ನಾಲ್ಕು ಪಟ್ಟಿಗೂ ಸ್ವಲ್ಪ ಹೆಚ್ಚು ಬೆಳಕು. ನಮ್ಮ ಊರಿನಲ್ಲಿ ನೋಡಬೇಕಾದ್ದೆಲ್ಲ ನಡೆಯುವುದು ರಾತ್ರಿ. ಕೋಲ, ನೇಮ, ಬಯಲಾಟ, ಕಂಬಳದ ಫೈನಲ್, ಧರ್ಮಸ್ಥಳದ ಲಕ್ಷದೀಪ.

— ರಾತ್ರಿ ನಡೆಯುವುದು ಹೌದು. ಆದರೆ ರಾತ್ರಿಯೆಲ್ಲ ಒಂದೇ ಕತ್ತಲೆ ಅಲ್ಲ. ಕಂಬಳವನ್ನೇ ತೆಗೋ. ಮೂಡುಬಿದಿರೆಯ ಕಡಲಕೆರೆಯ ಕೋಟಿ ಚೆನ್ನಯ ಜೋಡುಕರೆಯಲ್ಲಿ ಈಗ ಫ್ಲಡ್‌ಲೈಟ್ ಉಂಟು. ಐಎಸ್‌ಒ 1600ರಲ್ಲಿ ಎಫ್ 2.8 ಇಟ್ಟರೂ ಶಟರ್ 500ರ ಹತ್ತಿರ ಬರ್ತದೆ. ಅಲ್ಲಿ ಕನೆಹಲಗೆಯ ಓಟದಲ್ಲಿ ಎಂತ ನೋಡಬೇಕು ಹೇಳು?

— ನೀರು ನಿಶಾನೆಗೆ ಹಾರುವುದು.

— ಹಾಂ. ಕೋಣಗಳು ಮುಖ್ಯ, ಹಲಗೆಯ ಮೇಲೆ ನಿಂತವನು ಮುಖ್ಯ, ಹಲಗೆಯ ತೂತಿನಿಂದ ಚಿಮ್ಮುವ ನೀರು ಮುಖ್ಯ, ಆರೂವರೆ ಕೋಲೋ ಏಳೂವರೆ ಕೋಲೋ ಎತ್ತರದಲ್ಲಿ ಕಟ್ಟಿದ ಆ ನಿಶಾನೆ ಬಟ್ಟೆಯೂ ಮುಖ್ಯ. ಇವಿಷ್ಟೂ ಒಂದೇ ಫೋಕಸಿನಲ್ಲಿ ಇಲ್ಲದಿದ್ದರೆ ಅದು ಕೋಣದ ಚಿತ್ರ ಆಯಿತೇ ಹೊರತು ಕಂಬಳದ ಚಿತ್ರ ಆಗಲಿಲ್ಲ. 35 ಎಂಎಂ ಲೆನ್ಸನ್ನು ಎಫ್ 4ಕ್ಕೆ ಇಟ್ಟು 10 ಮೀಟರಿಗೆ ಫೋಕಸ್ ಮಾಡಿಬಿಡು. 5 ಮೀಟರಿನಿಂದ ಅನಂತದವರೆಗೆ ಎಲ್ಲ ಸ್ಪಷ್ಟ. ಆಮೇಲೆ ರಿಂಗ್ ಮುಟ್ಟುವ ಕೆಲಸವೇ ಇಲ್ಲ, ಮಂಜೊಟ್ಟಿಯ ಹತ್ತಿರ ನಿಂತು ಕಾಯುವುದು ಅಷ್ಟೇ. ಎಫ್ 4ರಲ್ಲಿ ತೆಗೆಯುವ ಚಿತ್ರಕ್ಕೆ 1.2 ಬಾಯಿಯ ಲೆನ್ಸ್ ಯಾಕೆ?

— ಕಂಬಳ ಬಿಡಿ. ಕೋಲಕ್ಕೆ ಬನ್ನಿ. ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಕೆಲವು ಕಡೆ ಇನ್ನೂ ದೊಂದಿಯ ಬೆಳಕು. ಟ್ಯೂಬ್‌ಲೈಟ್ ದೂರ ಎಲ್ಲಿಯೋ ಅಡುಗೆ ಚಪ್ಪರದಲ್ಲಿ. ಫ್ಲಾಶ್ ಹೊಡೆಯುವ ಮಾತೇ ಇಲ್ಲ, ಹೊಡೆಯಲೂ ಬಾರದು.

— ಸರಿ, ಲೆಕ್ಕ ಹಾಕುವ. ದೊಂದಿಯ ಬೆಳಕು ಮುಖಕ್ಕೆ ಬಿದ್ದಾಗ ಐಎಸ್‌ಒ 1600ರಲ್ಲಿ ಸ್ಕೋಪಾರ್‌ನ 2.5ಕ್ಕೆ ಶಟರ್ ಸುಮಾರು ಸೆಕೆಂಡಿನ ನಲವತ್ತನೇ ಒಂದು ಪಾಲು. ನಾಕ್ಟನ್‌ನ 1.2ಕ್ಕೆ ನೂರೆಂಬತ್ತರ ಹತ್ತಿರ. ಅಷ್ಟೇ ಅಲ್ವಾ?

— ಅಷ್ಟೇ ಎಂದರೆ ಹೇಗೆ? ನಲವತ್ತಕ್ಕೂ ನೂರೆಂಬತ್ತಕ್ಕೂ ಎಷ್ಟು ವ್ಯತ್ಯಾಸ!

— ಕಾಗದದ ಮೇಲೆ ವ್ಯತ್ಯಾಸ. ಅಂಗಳದಲ್ಲಿ ನೋಡು. ದೈವ ಗಗ್ಗರ ಕಟ್ಟಿ ಆವೇಶದಿಂದ ಸುತ್ತು ಹೊಡೆಯುವಾಗ ನೂರೆಂಬತ್ತಕ್ಕೂ ನಿಲ್ಲುವುದಿಲ್ಲ. ತೆಂಗಿನ ಸಿರಿ ಗಾಳಿಯಲ್ಲಿ ಎದ್ದು ತಿರುಗುವಾಗ ಅದು ಹೇಗೂ ಗೆರೆಗೆರೆಯಾಗಿ ಬರುವುದೇ. ಬಂದರೆ ತಪ್ಪಿಲ್ಲ, ಆ ವೇಗ ಹಾಗೆಯೇ ಕಾಣಬೇಕು. ಇನ್ನು ದೈವ ನಿಂತು ಗುತ್ತಿನ ಮನೆಯವರಿಗೆ ನುಡಿ ಕೊಡುವ ಹೊತ್ತು. ಆಗ ನಲವತ್ತೇ ಸಾಕು. ರೇಂಜ್‌ಫೈಂಡರಿನಲ್ಲಿ ಕನ್ನಡಿ ಏಳುವುದಿಲ್ಲ, ಕೈಯಲ್ಲಿ ಅದುರು ಇಲ್ಲ. ಉಸಿರು ಹಿಡಿದರೆ 35 ಎಂಎಂ ಲೆನ್ಸಿನಲ್ಲಿ ಹದಿನೈದರವರೆಗೂ ಇಳಿಯಬಹುದು. ಅಂದರೆ ಕುಣಿತಕ್ಕೆ ಎರಡೂ ಸಾಲದು, ನುಡಿಗೆ ಎರಡೂ ಸಾಕು. ನಡುವೆ ಉಳಿಯುವ ಸಣ್ಣ ಪಾಲಿಗೆ ನೀನು ಅಷ್ಟು ದುಡ್ಡು ಸುರಿಯುವುದು.

— ನುಡಿಯ ಹೊತ್ತಿಗೆ ಕ್ಯಾಮೆರಾ ಎತ್ತಬಹುದಾ?

— ಅದನ್ನು ನನ್ನಲ್ಲಿ ಕೇಳುವುದಲ್ಲ, ಮನೆಯ ಯಜಮಾನರಲ್ಲಿ ಮೊದಲೇ ಕೇಳುವುದು. ದೈವ ಕಟ್ಟುವವರಲ್ಲಿಯೂ ಕೇಳು. ಈಗಂತೂ ಮೊಬೈಲಿನವರ ಉಪದ್ರದಿಂದ ಹಲವು ಕಡೆ ಚಿತ್ರವೇ ಬೇಡ ಅಂತ ಹೇಳ್ತಾರೆ, ಅದು ಅವರ ಹಕ್ಕು. ಬೇಡ ಅಂದರೆ ಕ್ಯಾಮೆರಾ ಚೀಲದಲ್ಲಿಟ್ಟು ಕೂತು ನೋಡು. ಆಗಬಹುದು ಅಂದರೂ ದೂರ ನಿಲ್ಲಬೇಕು. ಅಲ್ಲಿ ಒಂದು ವಿಷಯ ನಿನ್ನ ಕಡೆಗೆ ಉಂಟು, ಅದನ್ನೂ ಹೇಳಿಬಿಡ್ತೇನೆ. ದೊಡ್ಡ ಬಾಯಿಯ ಲೆನ್ಸನ್ನು ಪೂರ್ತಿ ತೆರೆದರೆ ಫೋಕಸಿನ ಆಳ ಕಮ್ಮಿ ಅಂತ ಎಲ್ಲರೂ ಹೆದರುವುದು. ಹತ್ತಿರ ಹೋದರೆ ಹೌದು. 2 ಮೀಟರಿಗೆ ನಾಕ್ಟನ್ 1.2ರಲ್ಲಿ ಆಳ ಕಾಲು ಮೀಟರೂ ಇಲ್ಲ. ದೈವದ ಮುಖ ಸ್ಪಷ್ಟ ಬಂದರೆ ಬೆನ್ನಿಗೆ ಕಟ್ಟಿದ ಅಣಿ ಮಸುಕು. ಅದೇ 5 ಮೀಟರ್ ಹಿಂದೆ ಸರಿದು ನಿಂತರೆ ಅದೇ ಲೆನ್ಸ್ ಒಂದೂವರೆ ಮೀಟರಿನಷ್ಟು ಆಳ ಕೊಡ್ತದೆ. ಅಣಿ, ಮುಖ, ಗಗ್ಗರದ ಕಾಲು ಎಲ್ಲ ಅದರೊಳಗೆ ಬಂತು. 50 ಎಂಎಂನ 1.1 ಆದರೆ ಅದೇ ದೂರಕ್ಕೆ ಅದರ ಅರ್ಧವೂ ಸಿಗುವುದಿಲ್ಲ.

— 50 ನಾನು ನೋಡಲೇ ಇಲ್ಲ.

— ನೋಡುವುದೂ ಬೇಡ, ನಿನ್ನ ಕ್ಯಾಮೆರಾಕ್ಕೆ ಅದು ಆಗುವುದಿಲ್ಲ. ರೇಂಜ್‌ಫೈಂಡರಿನಲ್ಲಿ ಎರಡು ಕಿಟಕಿಯಿಂದ ಬರುವ ಎರಡು ಬಿಂಬ ಒಂದಾಗಬೇಕು. ಆ ಕಿಟಕಿಗಳ ನಡುವಿನ ಅಂತರ ಹೆಚ್ಚಾದಷ್ಟೂ, ವ್ಯೂಫೈಂಡರಿನಲ್ಲಿ ಬಿಂಬ ದೊಡ್ಡದಾದಷ್ಟೂ ಫೋಕಸ್ ಖಚಿತ. 1954ರ ಲೈಕಾ ಎಂ 3ರಲ್ಲಿ ಇದೆರಡರ ಗುಣಲಬ್ಧ 62 ಎಂಎಂ ಆಸುಪಾಸು. ನಿನ್ನ ಬೆಸ್ಸಾದಲ್ಲಿ ಕಿಟಕಿಯ ಅಂತರವೇ 37, ಬಿಂಬ 0.7 ಪಟ್ಟು, ಗುಣಿಸಿದರೆ 26. 35ರ ಲೆನ್ಸಿಗೆ ಅಷ್ಟು ಸಾಕಾಗ್ತದೆ. 50ರ 1.1 ಹಾಕಿದರೆ ಬಿಂಬ ಕೂಡಿದ ಹಾಗೆ ಕಾಣ್ತದೆ, ಚಿತ್ರ ತೊಳೆದಾಗ ಕಣ್ಣಿನ ಬದಲು ಕಿವಿಯ ಓಲೆ ಸ್ಪಷ್ಟ ಬಂದಿರ್ತದೆ.

— ನಿಮ್ಮ ಕಾಲದಲ್ಲಿ ಎಂತ ಮಾಡ್ತಿದ್ದಿರಿ? ಆಗ ಐಎಸ್‌ಒ 1600 ಎಲ್ಲಿಂದ?

— ಇರಲಿಲ್ಲ. ಅದಕ್ಕೇ ಆಗ ಎಲ್ಲರಿಗೂ ದೊಡ್ಡ ಬಾಯಿಯ ಲೆನ್ಸಿನದ್ದೇ ಆಸೆ. ಸ್ಟುಡಿಯೋದಲ್ಲಿ ರಷ್ಯಾದ ಜೋರ್ಕಿ 4 ಇತ್ತು, ಅದಕ್ಕೆ ಜುಪಿಟರ್ 8, 50 ಎಂಎಂ ಎಫ್ 2. ಗಲ್ಫಿನಿಂದ ಬಂದವರು ಯಾಶಿಕಾ ಎಲೆಕ್ಟ್ರೋ 35 ತರ್ತಿದ್ದರು, ಅದರಲ್ಲಿ 45 ಎಂಎಂನ 1.7. ಫಿಲ್ಮ್ ಅಂದರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು, ಇಲ್ಲದಿದ್ದರೆ ಪೂರ್ವ ಜರ್ಮನಿಯ ಓರ್ವೋ. ಓರ್ವೋದಲ್ಲಿ ಎನ್‌ಪಿ 27 ಸಿಕ್ಕಿದರೆ 400ರ ವೇಗ, ಅದೇ ದೊಡ್ಡ ಹಬ್ಬ. ಆ ಜುಪಿಟರಿನ ಮೂಲ ಎಲ್ಲಿಯದು ಗೊತ್ತುಂಟಾ? ಝೈಸ್ ಕಂಪೆನಿಯಲ್ಲಿ ಲುಡ್ವಿಗ್ ಬೆರ್ಟೆಲೆ ಎಂಬವರು ಮಾಡಿದ ಸೊನ್ನಾರ್. 1932ರ ಕಾಂಟ್ಯಾಕ್ಸ್ ಕ್ಯಾಮೆರಾಕ್ಕಾಗಿ 50 ಎಂಎಂನ 2 ಮತ್ತು 1.5. ಆ ಕಾಲದ ಫಿಲ್ಮ್ ಬಹಳ ನಿಧಾನ, ಲೆನ್ಸಿಗೆ ಕೋಟಿಂಗ್ ಇನ್ನೂ ಬಂದಿರಲಿಲ್ಲ. ಗಾಜಿಗೂ ಗಾಳಿಗೂ ತಾಗುವ ಮುಖಗಳು ಕಮ್ಮಿ ಇದ್ದಷ್ಟೂ ಬೆಳಕು ಚದುರುವುದು ಕಮ್ಮಿ, ಅದಕ್ಕೆ ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಲೆನ್ಸ್ ಅದು. ಯುದ್ಧದ ನಂತರ ಅದೇ ವಿನ್ಯಾಸ ಸೋವಿಯತ್ ದೇಶದಲ್ಲಿ ಜುಪಿಟರ್ ಆಯಿತು, ಅಲ್ಲಿಂದ ಬಂಟ್ವಾಳ ಪೇಟೆಗೂ ಬಂತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆ ಕ್ಯಾಮೆರಾಗಳನ್ನು ಇಟ್ಟಿದ್ದಾರಲ್ಲ, ಒಮ್ಮೆ ನಿಧಾನಕ್ಕೆ ನೋಡಿಕೊಂಡು ಬಾ. ಒಂದೊಂದು ಲೆನ್ಸಿನ ಬಾಯಿ ನೋಡಿದರೆ ಆ ಕಾಲದ ಫಿಲ್ಮ್ ಎಷ್ಟು ಬಡವ ಅಂತ ಅಂದಾಜಾಗ್ತದೆ.

— ಹಾಗಾದರೆ ಫಿಲ್ಮ್ ವೇಗ ಆದ ಮೇಲೆ ಫಾಸ್ಟ್ ಲೆನ್ಸಿಗೆ ಕೆಲಸವೇ ಇಲ್ಲ ಅಂತೀರಾ?

— ಕೆಲಸ ಕಮ್ಮಿ ಆಯಿತು ಅಂತೇನೆ. ಕೋಲಕ್ಕೆ ಇಲ್ಫೋರ್ಡ್‌ನ ಡೆಲ್ಟಾ 3200 ಹಾಕು, ಸ್ಕೋಪಾರ್‌ನಲ್ಲೇ ಶಟರ್ ನಲವತ್ತರಿಂದ ಎಂಬತ್ತಕ್ಕೆ ಏರಿತು. ಒಂದು ರೋಲಿನ ಬೆಲೆಗೂ ಒಂದು ಲೆನ್ಸಿನ ಬೆಲೆಗೂ ಎಷ್ಟು ಅಂತರ! ಮತ್ತೆ ಇನ್ನೊಂದು, ನಮ್ಮ ಊರಿನ ವಿಷಯ. ಕೋಲ, ಆಟ ಎಲ್ಲ ದೀಪಾವಳಿಯ ಸುಮಾರಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗೀತದೆ. ಆಮೇಲೆ ನಾಲ್ಕು ತಿಂಗಳು ಮಳೆ. ಆ ನಾಲ್ಕು ತಿಂಗಳು ಲೆನ್ಸ್ ಎಲ್ಲಿರ್ತದೆ? ಬೀರುವಿನಲ್ಲಿ. ಬೀರುವಿನಲ್ಲಿ ಎಂತ ಆಗ್ತದೆ?

— ಫಂಗಸ್.

— ಘಟ್ಟದ ಮೇಲಿನವರಿಗೆ ಇದರ ಸಂಕಟ ಗೊತ್ತಿಲ್ಲ. ಇಲ್ಲಿ ಜೂನ್ ಕಳೆಯುವುದರೊಳಗೆ ಚರ್ಮದ ಚೀಲಕ್ಕೆ ಬಿಳಿ ಬೂಸ್ಟು ಬರ್ತದೆ. ಅದೇ ಚೀಲದಲ್ಲಿ ಲೆನ್ಸ್ ಇಟ್ಟರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಎಳೆ ಹರಡ್ತದೆ. ಬೇಗ ಕಂಡರೆ ಬಿಚ್ಚಿ ಒರೆಸಬಹುದು. ತಡವಾದರೆ ಕೋಟಿಂಗನ್ನೂ ಗಾಜನ್ನೂ ತಿಂದುಬಿಡ್ತದೆ, ಆಮೇಲೆ ಯಾರಿಂದಲೂ ಆಗುವುದಿಲ್ಲ. ನಮ್ಮ ಕಾಲದಲ್ಲಿ ಸ್ಟುಡಿಯೋದ ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿಡ್ತಿದ್ದೆವು, ಆ ಬೆಚ್ಚಗೆಗೆ ತೇವ ನಿಲ್ಲುವುದಿಲ್ಲ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್. ಅದೆಲ್ಲಕ್ಕಿಂತ ಒಳ್ಳೆ ಮದ್ದು ದಿನವೂ ಹೊರಗೆ ತೆಗೆದು ಉಪಯೋಗಿಸುವುದು. ಸಣ್ಣ ಲೆನ್ಸ್ ಆದರೆ ಕೊಡೆ ಹಿಡಿದ ಕೈಯ ಇನ್ನೊಂದು ಕೈಯಲ್ಲಿ ಇಡೀ ಕ್ಯಾಮೆರಾ ಹಿಡೀತದೆ, ದಿನವೂ ಕೊಂಡುಹೋಗ್ತಿ. ದೊಡ್ಡದನ್ನು ಮಳೆಗೆ ಹೆದರಿ ಮನೆಯಲ್ಲೇ ಬಿಡ್ತಿ. ಸ್ಕೋಪಾರ್ ತೆಗೋ ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಅದು.

— ನಡುವಿನದ್ದೊಂದು ಉಂಟಲ್ಲ ಮಾವ, ನಾಕ್ಟನ್ ಕ್ಲಾಸಿಕ್ 35 ಎಂಎಂ ಎಫ್ 1.4. ಅದು 200 ಗ್ರಾಂ ಮಾತ್ರ. ಬೆಳಕೂ ಬೇಕು, ಸಣ್ಣದೂ ಆಗಬೇಕು ಅನ್ನುವವರಿಗೆ ಅಂತಲೇ ಮಾಡಿದ್ದು.

— ನೋಡಿದ್ದೇನೆ. ಅಷ್ಟು ಸಣ್ಣ ಕೊಳವೆಯೊಳಗೆ ಅಷ್ಟು ದೊಡ್ಡ ಬಾಯಿ ಮಾಡಬೇಕಾದರೆ ಎಲ್ಲಿಯೋ ಒಂದು ಕಡೆ ಬಿಟ್ಟುಕೊಡಬೇಕು. ಅದು ಬಿಟ್ಟುಕೊಟ್ಟದ್ದು ಎರಡು. ಒಂದು, 1.4ರಲ್ಲಿ ಫೋಕಸ್ ಮಾಡಿ 2.8ಕ್ಕೆ ಮುಚ್ಚಿದರೆ ಫೋಕಸ್ ನಿಂತಲ್ಲಿ ನಿಲ್ಲದೆ ಸ್ವಲ್ಪ ಹಿಂದೆ ಜಾರ್ತದೆ. ಎರಡು, ನೇರ ಗೆರೆ ಅಂಚಿನಲ್ಲಿ ಹೊಟ್ಟೆ ಉಬ್ಬಿದ ಹಾಗೆ ಹೊರಗೆ ಬಾಗ್ತದೆ. ನೀನು ಇರುವುದು ಯಾವ ಊರಿನಲ್ಲಿ? ಸಾವಿರ ಕಂಬದ ಬಸದಿಯ ಊರಿನಲ್ಲಿ. 1430ರಲ್ಲಿ ಕಟ್ಟಿದ ತ್ರಿಭುವನ ತಿಲಕ ಚೂಡಾಮಣಿ ಬಸದಿಯ ಕಂಬಗಳನ್ನು ಬಾಗಿಸಿ ತೋರಿಸುವ ಲೆನ್ಸ್ ಇಟ್ಟುಕೊಂಡು ಎಂತ ಮಾಡ್ತಿ?

— ಬಸದಿಗೆ ಅನುಮತಿ ಬೇಕು, ಒಳಗೆಲ್ಲ ತೆಗೆಯಲಿಕ್ಕೆ ಬಿಡುವುದೂ ಇಲ್ಲ.

— ಬಿಟ್ಟ ಕಡೆ ತೆಗೆಯುವಾಗಲಾದರೂ ಕಂಬ ನೆಟ್ಟಗಿರಬೇಕಲ್ಲ. ಒಂದು ಕಂಬದ ಕೆತ್ತನೆಯ ಹಾಗೆ ಇನ್ನೊಂದು ಇಲ್ಲ. ಸಾಲಾಗಿ ನಿಂತದ್ದನ್ನು ತೆಗೆದರೆ ಮೊದಲ ಕಂಬದ ಹೂವೂ ಕಾಣಬೇಕು, ಹಿಂದಿನ ಕಂಬದ ಪಟ್ಟಿಕೆಯೂ ಕಾಣಬೇಕು. ಅದಕ್ಕೆ ಎಫ್ 8 ಬೇಕು, ಕ್ಯಾಮೆರಾವನ್ನು ಏನಕ್ಕಾದರೂ ಒರಗಿಸಿ ಇಡಬೇಕು. ಕಲ್ಲು ಓಡುವುದಿಲ್ಲ, ಎರಡು ಸೆಕೆಂಡಾದರೂ ಚಿಂತೆ ಇಲ್ಲ. ಬೆಸ್ಸಾದ ಶಟರ್ ಲೋಹದ್ದು, ಸದ್ದು ಸ್ವಲ್ಪ ಜಾಸ್ತಿ. ಪೂಜೆಯ ಹೊತ್ತು ತಪ್ಪಿಸಿ ಹೋಗು ಅಷ್ಟೇ. ನಿನಗೆ ಕಂಬಳ, ಕೋಲ, ಬಸದಿ ಯಾವುದಕ್ಕೂ ಆ ದೊಡ್ಡ ಲೆನ್ಸ್ ಬೇಡ. ಮುಗೀತಲ್ಲ?

— ಮುಗೀಲಿಲ್ಲ. ನಾನು ತೆಗೆಯಬೇಕೆಂದಿರುವುದು ಇದು ಯಾವುದನ್ನೂ ಅಲ್ಲ.

— ಮತ್ತೆ ಎಂತದ್ದು?

— ಪಾಡ್ದನ ಹೇಳುವ ಅಜ್ಜಿಯಂದಿರನ್ನು. ನೇಜಿ ನೆಡುವಾಗ ಹೇಳ್ತಿದ್ದವರು. ಗದ್ದೆ ಹೋಯಿತು, ಅಡಿಕೆಯೋ ರಬ್ಬರೋ ಬಂತು, ಹಾಡು ಅವರ ಬಾಯಲ್ಲಿ ಮಾತ್ರ ಉಳಿಯಿತು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹೇಳಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿದರಲ್ಲ, 15,683 ಸಾಲು. 1998ರಲ್ಲಿ ಪುಸ್ತಕವಾಗಿ ಬಂತು. ಅದನ್ನು ಓದಿದ ಮೇಲೆ ನನಗೆ ಅನಿಸಿದ್ದು, ಅಷ್ಟು ದೊಡ್ಡ ಕೆಲಸ ನನ್ನಿಂದ ಆಗದು, ಆದರೆ ಹಾಡುವವರು ಹಾಡುವ ಜಾಗದಲ್ಲೇ ಇರುವ ಚಿತ್ರ ತೆಗೆಯಬಹುದು. ಬಂಟ್ವಾಳದ ಕಡೆ ಕೆಲವರು, ಬೆಳ್ತಂಗಡಿಯ ಕಡೆ ಕೆಲವರು ಒಪ್ಪಿದ್ದಾರೆ.

— ಒಳ್ಳೆ ಕೆಲಸ. ಜಗಲಿಗೆ ಕರೆದು ಕೂರಿಸು. ಮಳೆಗಾಲದ ಜಗಲಿಯ ಬೆಳಕಿನಷ್ಟು ಚಂದದ್ದು ಯಾವ ಸ್ಟುಡಿಯೋದಲ್ಲೂ ಇಲ್ಲ. ಅಲ್ಲಿ 2.5 ಧಾರಾಳ.

— ಜಗಲಿಗೆ ಬಂದರೆ ಅವರು ಹಾಡುವುದಿಲ್ಲ ಮಾವ. ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂರ್ತಾರೆ, ಮದುವೆ ಫೋಟೋದಲ್ಲಿ ಕೂತ ಹಾಗೆ. ಒಳಗೆ ಒಲೆಯ ಹತ್ತಿರ, ಬೆನ್ನಿಗೆ ಗೋಡೆ ಕೊಟ್ಟು, ಗಂಜಿ ಬೇಯ್ತಾ ಇರುವಾಗ ಅದಾಗಿ ಶುರುವಾಗ್ತದೆ. ಅದೂ ಮಳೆಗಾಲದಲ್ಲೇ, ಆಟಿ ತಿಂಗಳಲ್ಲಿ ಹೊರಗೆ ಕೆಲಸ ಇಲ್ಲದ ಹೊತ್ತಿನಲ್ಲಿ. ಹೋಗಿ ಮೊಬೈಲಿನ ಮೀಟರಿನಲ್ಲಿ ಅಳೆದು ನೋಡಿದೆ. ಮಧ್ಯಾಹ್ನ, ಹೊಗೆ ಹಿಡಿದ ಹಂಚಿನ ಮಾಡು, ಒಂದೇ ಕಿಂಡಿ. ಐಎಸ್‌ಒ 400, ಎಫ್ 2.5ಕ್ಕೆ ಸೆಕೆಂಡಿನ ಎಂಟನೇ ಒಂದು ಪಾಲು.

— ಎಂಟಾ? ಹಗಲಿಗೆ?

— ಹಗಲಿಗೆ. ನಿಮ್ಮ ಕೋಲದ ದೊಂದಿಗಿಂತ ಕತ್ತಲೆ.

— ಡೆಲ್ಟಾ ಹಾಕಿ 1600ಕ್ಕೆ ತೆಗೆದರೆ ಮೂವತ್ತು ಬರ್ತದೆ.

— ಬರ್ತದೆ. ಆದರೆ ಹಾಡುವಾಗ ತಲೆ ತೂಗ್ತದೆ, ಬೆರಳು ತಾಳ ಹಾಕ್ತದೆ, ಮೂವತ್ತಕ್ಕೆ ಅದು ನಿಲ್ಲುವುದಿಲ್ಲ. ಮತ್ತೆ ಆ ಫಿಲ್ಮಿನ ಗ್ರೈನ್ ದೊಡ್ಡದು. ಅವರ ಮೊಣಕೈಯವರೆಗೆ ಹಸಿರು ಹಚ್ಚೆ ಉಂಟು, ಸಣ್ಣ ಸಣ್ಣ ಚುಕ್ಕಿ. ಗ್ರೈನಿನೊಳಗೆ ಆ ಚುಕ್ಕಿ ಕಳೆದುಹೋಗ್ತದೆ. ನನಗೆ ಎಚ್‌ಪಿ 5 ಬೇಕು, ಹೆಚ್ಚೆಂದರೆ 800ಕ್ಕೆ ಎಳೀತೇನೆ.

— 800ಕ್ಕೆ ಅಂದರೆ 2.5ರಲ್ಲಿ ಹದಿನೈದು. 1.4ರಲ್ಲಿ ಐವತ್ತು. 1.2ರಲ್ಲಿ ಅರವತ್ತರ ಮೇಲೆ.

— ಅದನ್ನೇ ಹೇಳುವುದು.

— ತಡಿ, ಯೋಚನೆ ಮಾಡುವ. ಎಷ್ಟು ದೂರದಲ್ಲಿ ಕೂರ್ತಿ?

— ಒಂದು ಮೀಟರ್. ಅಡುಗೆ ಕೋಣೆಯಲ್ಲಿ ಅದಕ್ಕಿಂತ ಹಿಂದೆ ಹೋದರೆ ಗೋಡೆ.

— ಒಂದು ಮೀಟರಿಗೆ 1.4ರಲ್ಲಿ ಆಳ 7 ಸೆಂಟಿಮೀಟರ್, 1.2ರಲ್ಲಿ 6. ಕಣ್ಣು, ಬಾಯಿ ಬಂದರೆ ಕಿವಿ ಹೋಯಿತು. ಕೈ ಬೇರೆಯೇ ಚಿತ್ರ.

— ಕೈಯನ್ನು ಬೇರೆಯೇ ತೆಗೀತೇನೆ. ಹಿಂದಿನ ಗೋಡೆ ಮಸುಕಾದರೆ ಅಡ್ಡಿ ಇಲ್ಲ, ಅದು ಕಪ್ಪು ಗೋಡೆ. ಕಂಬಳದ ನಿಶಾನೆಯ ಹಾಗೆ ಅಲ್ಲಿ ಹಿಂದೆ ಉಳಿಸಿಕೊಳ್ಳಬೇಕಾದ್ದು ಇಲ್ಲ.

— ಹಾಗಾದರೆ ನಾನು ಇಷ್ಟು ಹೊತ್ತು ಹೇಳಿದ್ದು ಬೇರೆ ಕೆಲಸಕ್ಕೆ. ಈ ಕೆಲಸಕ್ಕೆ ಫಾಸ್ಟ್ ಲೆನ್ಸೇ ಬೇಕು. ಕೋಲದಲ್ಲಿ ದೈವ ನಿಲ್ಲುವ ಹೊತ್ತು ಅಂತ ಒಂದು ಉಂಟು, ಕಾದರೆ ಸಿಗ್ತದೆ. ಹಾಡುವ ಮುಖ ಅಷ್ಟು ಹೊತ್ತು ನಿಲ್ಲುವುದಿಲ್ಲ. ಆದರೆ 1.2 ಬೇಡ.

— ಯಾಕೆ?

— 1.2ಕ್ಕೂ 1.4ಕ್ಕೂ ಅರ್ಧ ಸ್ಟಾಪಿನ ವ್ಯತ್ಯಾಸವೂ ಪೂರ್ತಿ ಇಲ್ಲ. ಅದಕ್ಕೆ 290 ಗ್ರಾಂ ಹೆಚ್ಚು ಭಾರ. ಅದಕ್ಕಿಂತ ಹೆಚ್ಚಾಗಿ, ಒಂದು ಮೀಟರ್ ದೂರದಲ್ಲಿ ವಯಸ್ಸಾದ ಹೆಂಗಸಿನ ಮುಖದ ಎದುರು ಅಷ್ಟು ಉದ್ದದ ಲೆನ್ಸ್ ಹಿಡಿದರೆ ಅವರು ಲೆನ್ಸನ್ನೇ ನೋಡ್ತಾರೆ. ಸಣ್ಣದಾದರೆ ಸ್ವಲ್ಪ ಹೊತ್ತಿನಲ್ಲಿ ಮರೀತಾರೆ. ನೀನು ಆಗ ಹೇಳಿದೆಯಲ್ಲ, ನಾಕ್ಟನ್ ಕ್ಲಾಸಿಕ್, ಅದನ್ನು ತೆಗೋ. 200 ಗ್ರಾಂ.

— ಅದು ಕಂಬ ಬಾಗಿಸ್ತದೆ ಅಂದಿರಿ!

— ಅಡುಗೆ ಕೋಣೆಯಲ್ಲಿ ಯಾವ ಕಂಬ ಉಂಟು? ಮುಖಕ್ಕೆ ನೇರ ಗೆರೆ ಇಲ್ಲ. ಬಸದಿ ಆರು ಶತಮಾನದಿಂದ ನಿಂತಿದೆ. ಸ್ಕೋಪಾರ್‌ಗೆ ಮುಂದೆ ಯಾವಾಗಲಾದರೂ ದುಡ್ಡು ಕೂಡಿಸಿ ಆ ಕಂಬಗಳನ್ನು ನೆಟ್ಟಗೆ ತೆಗೆಯಬಹುದು. ಆ ಅಜ್ಜಿಯಂದಿರಿಗೆ ಈಗ ಎಷ್ಟು ವಯಸ್ಸು?

— ಎಂಬತ್ತರ ಮೇಲೆ, ಹೆಚ್ಚಿನವರಿಗೆ.

— ಹಾಗಾದರೆ ಈ ಆಟಿಗೇ ಹೋಗಬೇಕು, ಮುಂದಿನ ವರ್ಷಕ್ಕೆ ಇಡಬೇಡ. ಲೆನ್ಸ್ ಕೈಗೆ ಬಂದ ದಿನವೇ ಇಲ್ಲಿಗೆ ತಾ. ಫೋಕಸ್ ಜಾರುವ ಗುಣ ಅದಕ್ಕೆ ಉಂಟೆಂದು ಹೇಳಿದೆನಲ್ಲ, ಮೊದಲು ಅದನ್ನು ಅಳೆದುಕೊಳ್ಳಬೇಕು. ಮೇಜಿನ ಮೇಲೆ ಸ್ಕೇಲನ್ನು ಓರೆಯಾಗಿ ಇಟ್ಟು, ಒಂದು ಮೀಟರಿನಿಂದ ನಡುವಿನ ಅಂಕೆಗೆ ಬಿಂಬ ಕೂಡಿಸಿ, 1.4ರಲ್ಲೊಂದು, 2ರಲ್ಲೊಂದು, 2.8ರಲ್ಲೊಂದು ತೆಗೆಯುವ. ಯಾವ ಅಂಕೆ ಸ್ಪಷ್ಟ ಬಂತು ಅಂತ ಬರೆದಿಟ್ಟುಕೋ. ಅಡುಗೆ ಕೋಣೆಯಲ್ಲಿ 1.4ಕ್ಕೇ ನಿಲ್ಲು, ಮಧ್ಯದಲ್ಲಿ 2.8ಕ್ಕೆ ಹೋಗಬೇಡ.

— ಹೊಗೆ, ತೇವ?

— ಒಳಗೆ ಹೋದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡ. ಒಲೆಯ ಬೆಚ್ಚಗೆಗೆ ಲೆನ್ಸ್ ಹೊಂದಿಕೊಳ್ಳಲಿ, ಇಲ್ಲದಿದ್ದರೆ ಗಾಜಿನ ಮೇಲೆ ಮಂಜು ಕೂರ್ತದೆ. ಅಷ್ಟು ಹೊತ್ತು ಮಾತಾಡು. ಮನೆಗೆ ಬಂದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕು, ಚರ್ಮದ ಚೀಲಕ್ಕೆ ಬೇಡ. ಎಚ್‌ಪಿ 5 ನಾನೇ ತೊಳೆದುಕೊಡ್ತೇನೆ, 800ಕ್ಕೆ ಎಳೆದದ್ದು ಅಂತ ರೋಲಿನ ಮೇಲೆ ಬರೆದಿಡಲಿಕ್ಕೆ ಮರೆಯಬೇಡ.

— ಅಜ್ಜಿಯಂದಿರಿಗೂ ಒಂದೊಂದು ಪ್ರಿಂಟ್ ಕೊಡಬೇಕು ಮಾವ.

— ಅದಕ್ಕೆ ಡಾರ್ಕ್‌ರೂಮಿನ ಎನ್‌ಲಾರ್ಜರ್ ಸರಿಮಾಡಿಸಬೇಕು. ಅದರ ಲೆನ್ಸನ್ನು ಟಾರ್ಚ್ ಹಾಕಿ ನೋಡುವ ಬಾ, ಫಂಗಸ್ ಬಂದಿದೆಯೋ ಏನೋ.